ನಲವತ್ತೇಳನೇ ನಂಬರು

ಮಂಗಾ,

ಮಧ್ಯಾಹ್ನ ಮೂರು ಗಂಟೆ. ಕ್ಯಾನುಗಳನ್ನು ತೊಳೆದಿಟ್ಟು ಡೈರಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ನೀನು ತೀರಿಕೊಂಡು ಇವತ್ತಿಗೆ ಐದು ತಿಂಗಳು.

ನಮ್ಮ ಹಾಲಿನ ಸಂಘದ ಹಳೇ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೇವೆ. ಕಲಿಸಲು ಗೌರಿಬಿದನೂರಿನಿಂದ ಯಾಮಿನಿ ಎಂಬ ಹುಡುಗಿ ಬರುತ್ತಾಳೆ. ಎರಡು ಸಲ ಬಂದ ಹೆಸರು ತೆಗೆಯಬೇಕು, ಖಾಲಿ ಬಿಟ್ಟದ್ದನ್ನು ತುಂಬಬೇಕು. ನಿನ್ನೆ ನಿನ್ನ ಹೆಸರು ಎರಡು ಸಾಲಿನಲ್ಲಿ ಸಿಕ್ಕಿತು. ಮಂಗಮ್ಮ, ಅದೇ ಬೀದಿ, ಅದೇ ಫೋನು. ಸದಸ್ಯರ ನಂಬರು ಮಾತ್ರ ಒಂದು ನಲವತ್ತೇಳು, ಇನ್ನೊಂದು ನೂರ ಹನ್ನೆರಡು. ಇನ್ನೊಮ್ಮೆ ಓದುವ ಶಕ್ತಿ ನನಗಿರಲಿಲ್ಲ. ನಲವತ್ತೇಳು ನಿನ್ನ ಕ್ಯಾನಿನ ಮೇಲೆ ನಾನೇ ಬಣ್ಣದಲ್ಲಿ ಬರೆದದ್ದು. ಅದನ್ನು ಉಳಿಸಿ ಇನ್ನೊಂದನ್ನು ಅಳಿಸಿದೆ.

ಬೆಳಿಗ್ಗೆ ನಿನ್ನ ದೊಡ್ಡಪ್ಪನ ಮಗಳು, ಮೂಲೆಮನೆ ಮಂಗಮ್ಮ ಹಾಲು ತಂದು "ನೂರ ಹನ್ನೆರಡು" ಅಂದಳು. ಕಂಪ್ಯೂಟರಿನಲ್ಲಿ ಅವಳಿಲ್ಲ. ನಿಮ್ಮಿಬ್ಬರಿಗೂ ಒಂದೇ ಅಜ್ಜಿಯ ಹೆಸರು. ಅವಳಿಗೆ ಫೋನಿಲ್ಲವೆಂದು ನಿನ್ನದನ್ನೇ ಬರೆಸಿದವಳು ನೀನು.

"ಏಮಪ್ಪಾ ಮುನೇಶಾ, ಹೋದೋಳು ಅವಳು, ಹೊಡೆದಾಕಿರೋದು ನನ್ನ ಹೆಸ್ರಾ?"

ಕ್ಯೂನಲ್ಲಿದ್ದವರು ನಕ್ಕರು. ನನ್ನ ಮುಖ ನೋಡಿ ಅವಳೇ ದನಿ ತಗ್ಗಿಸಿದಳು. "ಹೋಗ್ಲಿ ಬಿಡಪ್ಪ, ಇವತ್ತೊಂದಿನ ಅವಳ ನಂಬರ್‌ಗೇ ಹಾಕ್ಕೋ."

ಬೆರಳು ನಲವತ್ತೇಳನ್ನು ಒತ್ತಿಬಿಟ್ಟಿತ್ತು ಮಂಗಾ. ಇಷ್ಟು ದಿನದ ಮೇಲೆ ನಿನ್ನ ಸಾಲಿನಲ್ಲಿ ಹಾಲು ಕಾಣುವುದರಲ್ಲಿತ್ತು. ಯಾಮಿನಿ ತಡೆದಳು. "ಬೇಡ ಅಂಕಲ್. ಹೆಸರು ಇಬ್ಬರಿಗಿರುತ್ತೆ, ಫೋನೂ ಇರುತ್ತೆ. ನಂಬರ್ ಮಾತ್ರ ಒಬ್ಬರಿಗೇ. ಅವರು ಇಲ್ದಿದ್ರೂ ಇನ್ನೊಬ್ಬರಿಗೆ ಕೊಡಂಗಿಲ್ಲ."

"ಹಂಗಾದ್ರೆ ನನ್ನ ಹೆಂಡ್ತಿ ಸಾಲು ಅಳಿಸ್ಬೇಕೇನಮ್ಮ?" ಎಂದೆ. ನಾನು ಹೆದರಿದ್ದು ಅದೊಂದಕ್ಕೇ.

"ಅಳಿಸಿದ್ರೆ ಆಂಟಿ ಹಾಕಿದ ಹಾಲೆಲ್ಲ ಯಾರದು ಅಂತ ಗೊತ್ತಾಗಲ್ಲ. ಸಾಲು ಇರ್ಲಿ. ಕೊನೇ ಕಾಲಂ ಖಾಲಿ ಬಿಟ್ಟಿದ್ದೀರಲ್ಲ, ಅದನ್ನ ತುಂಬಿ."

ಸದಸ್ಯರು ಇದ್ದಾರೆ, ಇಲ್ಲ. ಎರಡರಲ್ಲೊಂದು ಬರೆಯುವ ಕಾಲಂ ಅದು. ಬೇಕೆಂದೇ ಬಿಟ್ಟಿದ್ದೆ.

ಎಲ್ಲರೂ ಊಟಕ್ಕೆ ಹೋದ ಮೇಲೆ ಮೊದಲು ಮೂಲೆಮನೆ ಮಂಗಮ್ಮನನ್ನು ವಾಪಸು ಸೇರಿಸಿದೆ. ಆಮೇಲೆ ನಿನ್ನ ಸಾಲಿಗೆ ಬಂದೆ. ಎರಡೇ ಅಕ್ಷರ. ಟೈಪು ಮಾಡಲು ಬಹಳ ಹೊತ್ತು ಹಿಡಿಯಿತು. ಮುಗಿಸಿ ನೋಡಿದರೆ ನೀನು ಹಾಕಿದ ಹಾಲೆಲ್ಲ, ದಿನ ದಿನದ್ದೂ, ಹಾಗೇ ಇತ್ತು.

ಎಲ್ಲಿದ್ದರೂ ತಣ್ಣಗಿರು. ನಿನ್ನ ನಂಬರನ್ನು ಇನ್ನು ಯಾರಿಗೂ ಕೊಡುವುದಿಲ್ಲ.

ನಿನ್ನವನೇ ಆದ
ಮುನೇಶ

ನಾಳೆ ಬೆಳಿಗ್ಗೆ ಐದೂವರೆಗೆ ಡೈರಿ ಬಾಗಿಲು ತೆಗೆಯಬೇಕು.