ಐದಾಲಿಸಳ ಕೈಗೆ ಅಂಟಿದ ಚೆಂಡು

ಯಾಬುಕೋವಾ, ಪೋರ್ಟೊ ರಿಕೊ
ಏಪ್ರಿಲ್ 14, 1996, ಭಾನುವಾರ ಮಧ್ಯಾಹ್ನ

ಪ್ರೀತಿಯ ನಿಯೆವೆಸ್ ಅಕ್ಕಾ,

ಹೇಗಿದ್ದೀಯಾ? ಮಂಡಿನೋವು ಕಡಿಮೆಯಾಯಿತೇ? ಕಲ್ಲುನೆಲದ ಮೇಲೆ ಮಂಡಿಯೂರುವಾಗ ಕೆಳಗೆ ಏನಾದರೂ ಮೆತ್ತಗಿರುವುದನ್ನು ಹಾಕಿಕೋ ಎಂದು ಕಳೆದ ಸಲವೇ ಬರೆದಿದ್ದೆ. ನೀನು ಹಾಕಿಕೊಂಡಿರುವುದಿಲ್ಲ, ನನಗೆ ಗೊತ್ತು. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಮಠದಲ್ಲಿ ನಿಮಗೆ ಪತ್ರ ಕೊಡುವುದಿಲ್ಲವೆಂದು ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದೆ. ಈಸ್ಟರ್ ಕಳೆಯಿತಲ್ಲ, ಇನ್ನು ಎಲ್ಲವನ್ನೂ ಒಟ್ಟಿಗೇ ಕೇಳಿಸಿಕೋ. ಲಕೋಟೆಯ ಮೇಲೆ ಮಠದಲ್ಲಿ ನಿನಗಿಟ್ಟ ಹೆಸರನ್ನೇ ಬರೆದಿದ್ದೇನೆ. ಒಳಗೆ ಮಾತ್ರ ನೀನು ನನ್ನ ನಿಯೆವೆಸ್ ಅಕ್ಕನೇ. ನಾನು ಚೆನ್ನಾಗಿದ್ದೇನೆ. ಹೊಲಿಗೆ ಯಂತ್ರ ಗೊಣಗುತ್ತಾ ನಡೆಯುತ್ತಿದೆ, ನನ್ನ ಹಾಗೆಯೇ. ಹಿತ್ತಲಿನ ದೀವಿಹಲಸು ಈ ವರ್ಷ ಎಷ್ಟು ಬಿಟ್ಟಿದೆಯೆಂದರೆ, ನಾನು ಬುಟ್ಟಿ ಹಿಡಿದು ಹಂಚಲು ಹೊರಟರೆ ಬೀದಿಯವರು ಬಾಗಿಲು ಹಾಕಿಕೊಳ್ಳುತ್ತಾರೆ.

ನಾನು ಕಲಿಸುವ ಹುಡುಗಿಯರ ಬೇಸ್‌ಬಾಲ್ ತಂಡದ ವಿಷಯ ಕೇಳಿದ್ದೆಯಲ್ಲ. ನಾನೇ ಹೊಲಿದ ಬಿಳಿ ಅಂಗಿ ತೊಟ್ಟುಕೊಂಡು ಹಸಿರು ಮೈದಾನದಲ್ಲಿ ನಿಂತರೆ ಥೇಟ್ ಕೊಕ್ಕರೆಗಳೇ. ಹಾಗಾಗಿ ಊರಿನವರೆಲ್ಲ ಕೊಕ್ಕರೆಗಳು ಎಂದೇ ಕರೆಯುತ್ತಾರೆ. ಅವರಲ್ಲಿ ಐದಾಲಿಸ್ ಎಂಬ ಹುಡುಗಿ ಇದ್ದಾಳೆ, ಹನ್ನೆರಡು ವರ್ಷದವಳು. ಎರಡನೆಯ ಮತ್ತು ಮೂರನೆಯ ಬೇಸಿನ ನಡುವೆ, ನೀನು ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲುತ್ತಾಳೆ. ಚೆಂಡು ನೆಲಕ್ಕೆ ಬಿದ್ದು ಪುಟಿದು ಬರುವಾಗ ಅವಳು ಬಗ್ಗುವುದನ್ನು ಮೊದಲ ದಿನ ನೋಡಿದಾಗ, ಅಕ್ಕಾ, ನೀನೇ ಬಗ್ಗಿದ ಹಾಗಿತ್ತು. ಆದರೆ ಹಿಡಿಯುವುದು ನಿನ್ನ ಹಾಗೆ, ಎಸೆಯುವುದು ಮಾತ್ರ ಅವಳಪ್ಪನ ಹಾಗೆ. ಬಾಳೆಕಾಯಿ ಲಾರಿ ಓಡಿಸುವ ವಿಲ್‌ಫ್ರೆದೊ ದಿನವೂ ತಂತಿಬೇಲಿಗೆ ಮುಖ ಒತ್ತಿ ನಿಂತು "ಜೋರಾಗಿ ಹಾಕೇ! ಇನ್ನೂ ಜೋರು! ಅನ್ನ ತಿಂದಿಲ್ವಾ?" ಎಂದು ಕೂಗುತ್ತಿದ್ದ. ಹುಡುಗಿ ಹಲ್ಲು ಕಚ್ಚಿ, ಭುಜವನ್ನು ಕಿವಿಗೆ ಏರಿಸಿ, ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು ಎಸೆಯುತ್ತಿದ್ದಳು. ಚೆಂಡೇನೋ ಗುಂಡಿನ ಹಾಗೆ ಹೋಗುತ್ತಿತ್ತು. ಎಲ್ಲಿಗೆ ಎಂಬುದು ಮಾತ್ರ ಆ ದೇವರಿಗೇ ಗೊತ್ತು.

ಜನವರಿಯ ಒಂದು ಸಂಜೆ ಅಭ್ಯಾಸದ ಹೊತ್ತಿನಲ್ಲಿ ಬಣ್ಣದ ಐಸ್ ಮಾರುವವನ ಗಂಟೆ ಕೇಳಿಸಿತು. ಮೊದಲ ಬೇಸಿನಲ್ಲಿದ್ದ ನೊರೈಮಾ ಅತ್ತ ತಿರುಗಿದಳು. ಅದೇ ಗಳಿಗೆಯಲ್ಲಿ ಐದಾಲಿಸ್ ಚೆಂಡು ಬಿಟ್ಟಿದ್ದಳು. ಆ ಸದ್ದನ್ನು ನಾನು ಬರೆಯಲಾರೆ. ನೊರೈಮಾಳ ಬಿಳಿ ಅಂಗಿಯ ಎದೆಯೆಲ್ಲ ಕೆಂಪಾಯಿತು. ಮುಂದಿನ ಹಲ್ಲೊಂದು ಮುರಿದುಹೋಗಿತ್ತು. ಆಸ್ಪತ್ರೆಯಲ್ಲಿ ತುಟಿಗೆ ಹೊಲಿಗೆ ಹಾಕುವಾಗ ನೊರೈಮಾ ಅಳಲಿಲ್ಲ. ಹೊರಗೆ ಗೋಡೆಗೆ ಒರಗಿ ನಿಂತಿದ್ದ ಐದಾಲಿಸ್ ಮಾತ್ರ ತನ್ನ ಬಲಗೈಯನ್ನು ಅಂಗಿಗೆ ಒರೆಸುತ್ತಲೇ ಇದ್ದಳು.

ಅಂದಿನಿಂದ ಚೆಂಡು ಆ ಹುಡುಗಿಯ ಕೈ ಬಿಟ್ಟು ಹೋಗಲೇ ಇಲ್ಲ. ಹಿಡಿಯುತ್ತಾಳೆ, ಕಾಲು ಮುಂದಿಡುತ್ತಾಳೆ, ಕೈ ಎತ್ತುತ್ತಾಳೆ, ಅಲ್ಲಿಗೆ ನಿಂತುಬಿಡುತ್ತಾಳೆ. ಬಲವಂತ ಮಾಡಿದರೆ ಚೆಂಡು ಅವಳದೇ ಕಾಲ ಬಳಿ ಬೀಳುತ್ತದೆ, ಇಲ್ಲವೇ ಬೇಲಿ ದಾಟುತ್ತದೆ. ವಿಲ್‌ಫ್ರೆದೊ "ಏನಾಗಿದೆ ನಿನ್ನ ಕೈಗೆ? ದೆವ್ವ ಹೊಕ್ಕಿದೆಯಾ?" ಎಂದು ರೇಗಿದ. ಒಂದು ದಿನ ಅವಳು ಗ್ಲೌಸನ್ನು ನನ್ನ ಹೊಲಿಗೆ ಯಂತ್ರದ ಮೇಲಿಟ್ಟು, "ಬೇರೆ ಯಾರಿಗಾದ್ರೂ ಕೊಡಿ, ಟೀಚರ್" ಎಂದಳು. ನಾನು ಅದನ್ನು ಮುಟ್ಟಲಿಲ್ಲ. "ಮೊದಲು ಊಟ ಮಾಡು" ಎಂದು ತೊಗರಿಕಾಳಿನ ಅನ್ನ ಬಡಿಸಿದೆ. ಅವಳು ತಿನ್ನುತ್ತಿರುವಾಗ ಹಿತ್ತಲಿನ ಹಗ್ಗದ ಮೇಲೆ ಒಣಗುತ್ತಿದ್ದ ಬೆಡ್‌ಶೀಟ್ ಕಣ್ಣಿಗೆ ಬಿತ್ತು.

ನೆನಪಿದೆಯಾ ಅಕ್ಕಾ? ಅದೇ ಹಗ್ಗ, ಅದೇ ಎರಡು ಕಂಬಗಳು. ಅಮ್ಮ ಒಗೆದು ಹರವಿದ ಬೆಡ್‌ಶೀಟಿಗೆ ನೀನು ಚೆಂಡು ಎಸೆಯುತ್ತಿದ್ದೆ. "ಇದು ಹಾಸಿ ಮಲಗೋದಾ, ಇಲ್ಲ ನಿನ್ನ ಆಟದ ಮೈದಾನನಾ?" ಎಂದು ಅಮ್ಮ ಪೊರಕೆ ಹಿಡಿದು ಬರುತ್ತಿದ್ದಳು. ಅಪ್ಪ ಕಬ್ಬಿನ ಗದ್ದೆಯಿಂದ ಬಂದವನು ಮೈಮೇಲಿನ ಸುಟ್ಟ ಕಬ್ಬಿನ ಮಸಿಯನ್ನೂ ತೊಳೆಯದೆ ಮೆಟ್ಟಿಲ ಮೇಲೆ ಕೂತು ನಿನ್ನನ್ನೇ ನೋಡುತ್ತಿದ್ದ. "ಚೆಂಡನ್ನ ದಬ್ಬಬೇಡ ಮಗಳೇ, ಕಳಿಸಿಕೊಡು. ಮನೆಗೆ ಬಂದೋರನ್ನ ಬಾಗಿಲ ತನಕ ಹೋಗಿ ಕಳಿಸಿಕೊಡ್ತೀವಲ್ಲ, ಹಾಗೆ. ಅದು ಹೋದ ಮೇಲೂ ಕೈ ಅದರ ಹಿಂದೆ ಹೋಗ್ಬೇಕು." ಊರಿಗೆಲ್ಲ ಕಳಿಸಿಕೊಡುವುದನ್ನು ಕಲಿಸಿದ ಆ ಮನುಷ್ಯ, ನಿನ್ನನ್ನು ಮಠದಲ್ಲಿ ಬಿಟ್ಟು ಬಂದ ದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮುಷ್ಟಿ ಬಿಗಿಹಿಡಿದೇ ಕೂತಿದ್ದ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ.

ಸರಿ, ಐದಾಲಿಸಳನ್ನು ಆ ಬೆಡ್‌ಶೀಟಿನ ಎದುರು ಒಂದು ಮಂಡಿಯೂರಿ ಕೂರಿಸಿದೆ. ಕಾಲಿನ ಗೊಡವೆಯೇ ಬೇಡ, ಕೈಯನ್ನಷ್ಟೇ ಸಡಿಲ ಬಿಡು ಎಂದೆ. ಮೊಣಕೈ ಭುಜದ ಮಟ್ಟಕ್ಕೆ ಬರಲಿ, ಕೊನೆಗೆ ಮಣಿಕಟ್ಟು ಬಾಗಿಲ ಚಿಲಕ ಬಿದ್ದ ಹಾಗೆ ತಟ್ಟನೆ ಬೀಳಲಿ. ಚೆಂಡಿನ ಬದಲು ಕಾಲುಚೀಲದ ಉಂಡೆ ಕೊಟ್ಟೆ. "ಇದ್ರಿಂದ ಯಾರ ಹಲ್ಲೂ ಹೋಗಲ್ಲ ಕಣೇ" ಎಂದಾಗ ಮೊದಲ ಬಾರಿಗೆ ನಕ್ಕಳು. ಫೆಬ್ರವರಿ ಪೂರ್ತಿ ಹೀಗೆಯೇ ನಡೆಯಿತು. ಬಟ್ಟೆಗೆ ಎಸೆಯುವಾಗ ಕೈ ನೀರಿನಂತೆ ಹರಿಯುತ್ತಿತ್ತು. ಆದರೆ ಎದುರಿಗೆ ಒಬ್ಬ ಮನುಷ್ಯ ನಿಂತರೆ ಸಾಕು, ಮತ್ತೆ ಅದೇ ಕಲ್ಲು.

ಅವಳಪ್ಪನಿಗೂ ಸ್ವಲ್ಪ ಪಾಠ ಬೇಕಿತ್ತು. ಬೇಲಿಯ ಹೊರಗೆ ನಿಂತು ಕೂಗುತ್ತಿದ್ದ ವಿಲ್‌ಫ್ರೆದೊನನ್ನು ಕರೆದು ಬ್ಯಾಟು ಕೊಟ್ಟೆ. ನೆಲಕ್ಕೆ ನೆಟ್ಟ ಕಡ್ಡಿಯ ಮೇಲಿಟ್ಟ ಚೆಂಡು, ಅಲುಗಾಡುವುದೂ ಇಲ್ಲ. "ಬಾರಪ್ಪ, ಜೋರಾಗಿ ಹೊಡಿ" ಎಂದೆ. ಕುತ್ತಿಗೆಯ ನರ ಉಬ್ಬಿಸಿ ಬೀಸಿದ. ಕಡ್ಡಿ ಹಾರಿಹೋಯಿತು, ಚೆಂಡು ಅಲ್ಲೇ ಪಕ್ಕಕ್ಕೆ ಬಿತ್ತು. ಕೊಕ್ಕರೆಗಳೆಲ್ಲ ಬಿದ್ದು ಬಿದ್ದು ನಕ್ಕವು. ಆಮೇಲೆ ನಮ್ಮಪ್ಪ ಕಬ್ಬು ಕಡಿಯುವಾಗ ಹೇಳುತ್ತಿದ್ದುದನ್ನೇ ಅವನಿಗೆ ಹೇಳಿದೆ: "ತೋಳಿಂದ ಮಚ್ಚು ಬೀಸಿದೋನು ಮಧ್ಯಾಹ್ನಕ್ಕೇ ಸೋಲ್ತಾನೆ, ಸೊಂಟದಿಂದ ಬೀಸಿದೋನು ಸಂಜೆ ಹಾಡ್ಕೊಂಡು ಮನೆಗೆ ಬರ್ತಾನೆ." ತಲೆ ಅಲುಗಿಸಬೇಡ, ಹಿಂಗಾಲಿನ ಮೇಲೆ ಭಾರ ಕೂರಿಸು, ಮೊದಲು ಸೊಂಟ ತಿರುಗಲಿ, ಕೈ ತಾನಾಗಿ ಹಿಂದೆ ಬರುತ್ತದೆ. ಸಂಜೆಯಾಗುವಷ್ಟರಲ್ಲಿ ಒಂದು ಚೆಂಡು ಮೆತ್ತಗೆ ಬೀಸಿದರೂ ದೂರದ ಹುಲ್ಲಿನ ತನಕ ಹೋಯಿತು. ಅವನು ಬ್ಯಾಟನ್ನೇ ನೋಡುತ್ತಾ ನಿಂತ. "ಇದಕ್ಕೆ ಶಕ್ತೀನೇ ಹಾಕ್ಲಿಲ್ವಲ್ಲ ನಾನು" ಎಂದ. ಅಂದಿನಿಂದ ಅವನ ಕೂಗಾಟ ನಿಂತಿತು.

ಹುಡುಗಿಯನ್ನು ಆ ಭಯದಿಂದ ಬಿಡಿಸಿದ್ದು ಮಾತ್ರ ನಾನಲ್ಲ, ನೊರೈಮಾ. ತುಟಿ ವಾಸಿಯಾದ ಮೇಲೆ ಒಂದು ದಿನ ಸೀದಾ ನನ್ನ ಹಿತ್ತಲಿಗೆ ನುಗ್ಗಿ ಬೆಡ್‌ಶೀಟನ್ನು ಪಕ್ಕಕ್ಕೆ ಸರಿಸಿ ಅಲ್ಲೇ ನಿಂತಳು. "ನನಗೇ ಹಾಕು" ಎಂದಳು. ಐದಾಲಿಸ್ ತಲೆ ತಗ್ಗಿಸಿದಳು. "ಲೇ, ನೋಡಿಲ್ಲಿ" ಎಂದು ನೊರೈಮಾ ಬಾಯಿ ಅಗಲಿಸಿ ಕಿಂಡಿ ತೋರಿಸಿದಳು. "ನನ್ನ ಹಲ್ಲಂತೂ ಹೋಯ್ತು. ಈಗ ನೀನೂ ಆಟ ಬಿಟ್ರೆ, ಅದು ಸುಮ್ನೆ ಹೋದಂಗಾಗಲ್ವಾ?" ಐದಾಲಿಸ್ ಅಳುತ್ತಲೇ ಕಾಲುಚೀಲದ ಉಂಡೆ ಎಸೆದಳು. ನೊರೈಮಾ ಹಿಡಿದು, "ಇದೇನು, ಅಜ್ಜಿ ಎಸ್ದಂಗೆ ಎಸೀತೀಯಾ?" ಎಂದು ಹಿಂದಿರುಗಿಸಿದಳು. ದಿನ ಕಳೆದಂತೆ ಉಂಡೆ ಹೋಗಿ ಮೆತ್ತನೆಯ ಚೆಂಡು ಬಂತು, ಅದೂ ಹೋಗಿ ನಿಜವಾದ ಚೆಂಡು ಬಂತು. ಪ್ರತಿ ಸಲವೂ ನೊರೈಮಾ ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯುತ್ತಿದ್ದಳು. ಕೊನೆಗೆ ಹಿತ್ತಲು ಸಾಲದೆ ಇಬ್ಬರೂ ತಾವಾಗಿಯೇ ಮೈದಾನಕ್ಕೆ ಹೋದರು. ನಾನು ಬಾಗಿಲಲ್ಲಿ ನಿಂತು ನೋಡಿದೆ, ಹಿಂದೆ ಹೋಗಲಿಲ್ಲ.

ನಿನ್ನೆ ಊಮಕಾವೊದವರ ಮೇಲೆ ಆಟ. ಕೊನೆಯ ಸುತ್ತಿನಲ್ಲಿ ಚೆಂಡು ನೇರ ಐದಾಲಿಸಳ ಕಡೆಗೇ ಪುಟಿದು ಬಂತು. ಹೊಡೆದವಳು ಮೊದಲ ಬೇಸಿಗೆ ಜಿಂಕೆಯಂತೆ ಓಡುತ್ತಿದ್ದಳು, ಅವಳಿಗಿಂತ ಮೊದಲು ಚೆಂಡು ಅಲ್ಲಿದ್ದ ನೊರೈಮಾಳ ಕೈ ಸೇರಬೇಕಿತ್ತು. ಐದಾಲಿಸ್ ಬಗ್ಗಿದಳು, ಹಿಡಿದಳು, ಎಡಗಾಲು ಮುಂದಿಟ್ಟಳು. ನಾನು ಕಣ್ಣು ಮುಚ್ಚಿಕೊಳ್ಳಬೇಕೆಂದಿದ್ದೆ, ಮುಚ್ಚಲಾಗಲಿಲ್ಲ. ಕೈ ನಿಲ್ಲಲಿಲ್ಲ, ಅಕ್ಕಾ. ಭುಜ ಏರಲಿಲ್ಲ, ಹಲ್ಲು ಕಚ್ಚಲಿಲ್ಲ. ಚೆಂಡು ಯಾವ ಅವಸರವೂ ಇಲ್ಲದ ಹಾಗೆ ಹೋಗಿ ನೊರೈಮಾಳ ಎದೆಯ ಮಟ್ಟದಲ್ಲಿ ಗ್ಲೌಸಿನೊಳಗೆ ಕೂತಿತು. ಓಡಿದವಳು ಒಂದು ಹೆಜ್ಜೆ ಮೊದಲೇ ಬೇಸ್ ಮುಟ್ಟಿಬಿಟ್ಟಿದ್ದಳು. ಅವರಿಗೆ ಗೆಲುವಿನ ಓಟ ಸಿಕ್ಕಿತು, ನಾವು ಸೋತೆವು. ಆದರೆ ನೊರೈಮಾ ಆ ಚೆಂಡನ್ನು ಎತ್ತಿ ಹಿಡಿದು ಕಿಂಡಿಬಾಯಲ್ಲಿ ಕಿರುಚುತ್ತಾ ಓಡಿದ್ದನ್ನು ನೋಡಿ ಊಮಕಾವೊದವರು ತಾವೇ ಸೋತೆವೇನೋ ಎಂದು ಗಾಬರಿಯಾದರು. ವಿಲ್‌ಫ್ರೆದೊ ಬೇಲಿ ಹಿಡಿದು ಸುಮ್ಮನೆ ಅಳುತ್ತಿದ್ದ.

ನಿನ್ನ ಪ್ರಾರ್ಥನೆಯಲ್ಲಿ ನಮ್ಮೆಲ್ಲರ ಹೆಸರೂ ಇರಲಿ, ನೊರೈಮಾಳ ಹೊಸ ಹಲ್ಲಿನದೂ. ಅಪ್ಪ ಅಮ್ಮನ ಸಮಾಧಿಗೆ ನಿನ್ನ ಪರವಾಗಿಯೂ ಹೂವಿಟ್ಟು ಬಂದೆ. ದೇವರು ನಿನ್ನ ಮಂಡಿಗಳನ್ನು ಕಾಯಲಿ, ಮಿಕ್ಕದ್ದನ್ನು ನೀನೇ ನೋಡಿಕೊಳ್ಳುತ್ತೀಯ.

ನಿನ್ನ ಕೈಹಿಡಿದು ಮುತ್ತಿಡುವ ತಂಗಿ,
ಒಬ್ದುಲಿಯಾ

ಮರೆತಿದ್ದೆ: ಮಠದ ಪೂಜ್ಯ ಮದರ್, ಈ ಪತ್ರವನ್ನು ನನ್ನ ಅಕ್ಕನಿಗಿಂತ ಮೊದಲು ನೀವೇ ಓದುತ್ತೀರಿ ಎಂದು ಗೊತ್ತು. ಆದ್ದರಿಂದ ಇದನ್ನು ನಿಮಗೇ ಬರೆಯುತ್ತಿದ್ದೇನೆ. ಬರುವ ಶನಿವಾರ ನಮ್ಮ ಆಟ ನಿಮ್ಮ ಊರಿನಲ್ಲೇ ಇದೆ. ನೀವೆಲ್ಲ ತೋಟಕ್ಕೆ ನೀರು ಹಾಕುವ ಹೊತ್ತಿಗೆ ನಮ್ಮ ಬಸ್ಸು ನಿಮ್ಮ ಹಿಂದಿನ ಗೋಡೆಯ ಬಳಿ ಸ್ವಲ್ಪ ನಿಲ್ಲುತ್ತದೆ. ಇಂಜಿನ್ ಬಿಸಿಯಾಗುತ್ತದಂತೆ, ಅವತ್ತು ಬಸ್ಸು ಓಡಿಸುವ ವಿಲ್‌ಫ್ರೆದೊ ಈಗಲೇ ಹೇಳಿಬಿಟ್ಟಿದ್ದಾನೆ. ಯಾವ ಹುಡುಗಿಯೂ ಒಳಗೆ ಬರುವುದಿಲ್ಲ, ಯಾರೂ ಮಾತಾಡುವುದಿಲ್ಲ, ನಿಮ್ಮ ಮೌನವನ್ನು ಯಾರೂ ಕೆಡಿಸುವುದಿಲ್ಲ. ಆದರೆ ಒಂದು ಚೆಂಡು ಗೋಡೆ ದಾಟಿ ಒಳಗೆ ಬಿದ್ದರೆ, ದಯವಿಟ್ಟು ಅದನ್ನು ನಿಯೆವೆಸಳ ಕೈಯಿಂದಲೇ ವಾಪಸ್ ಕಳಿಸಿ. ಐದಾಲಿಸ್ ಮಗು ಒಂದು ಸಲ ಆ ಎಸೆತವನ್ನು ನೋಡಬೇಕು. ಮೂವತ್ತು ವರ್ಷದಿಂದ ನೋಡದ ನಾನೂ.