ಸೋಫಾ ಕಾಲಿಗೆ ವಿಭೂತಿ

ಜನವರಿ 8, ಸೋಮವಾರ. ಬೆಳಿಗ್ಗೆ

ಲಿಂಗಪೂಜೆ ಮುಗಿಸಿ ಹಾಲ್‌ಗೆ ಬಂದರೆ ಸೋಫಾ ಮತ್ತೆ ಜರುಗಿದೆ. ನಿನ್ನೆ ಗೋಡೆಯಿಂದ ಒಂದು ಮೊಳ ದೂರ ಇತ್ತು. ಇವತ್ತು ಮನೆಯ ನಟ್ಟನಡುವೆ. ಬೆನ್ನು ನಮ್ಮ ಕೋಣೆಗೆ, ಮುಖ ಮೈದುನನ ಕೋಣೆಗೆ.

ಓರಗಿತ್ತಿ ಪುಷ್ಪಲತಾಳದ್ದೇ ಕೆಲಸ. ಹೊಸ ಸೋಫಾ ಬಂದಾಗಿನಿಂದ ಫೋನಿನಲ್ಲಿ ವಿಡಿಯೋ ನೋಡುವುದು, ಹಾಲ್ ತಿರುಗಿಸುವುದು.

“ಗೋಡೆಗೆ ಅಂಟಿಸ್ಬಾರ್ದಂತೆ ಅಕ್ಕ. ಬಿಟ್ಟು ಹಾಕಿದ್ರೆ ಓಡಾಡಕ್ಕೂ ಆರಾಮು, ನೋಡಕ್ಕೂ ಸ್ಟೈಲು.”

“ನನ್ ಕೋಣೆಗೆ ಬೆನ್ನು ತೋರ್ಸೋದು ಯಾವ ಸ್ಟೈಲೇ?”

“ನಾನು ಇಷ್ಟು ಮುಂದಕ್ಕೆ ಎಳ್ದಿರ್ಲಿಲ್ಲಪ್ಪ” ಎಂದು ನಕ್ಕಳು. ಆ ನಗು ಸರಿಬರಲಿಲ್ಲ.

ನಮ್ಮ ಯಜಮಾನರು ಕಾಫಿ ಕುಡಿಯುತ್ತಾ, “ಚೆನ್ನಾಗೈತೆ ಬುಡು, ಅಲ್ಲೇ ಇರ್ಲಿ” ಎಂದರು. ಮನೆಯಲ್ಲಿ ಕುರ್ಚಿ ಎಷ್ಟಿವೆ ಎಂದು ಗೊತ್ತಿಲ್ಲದ ಮನುಷ್ಯ.

ಅದೇ ದಿನ, ಮಧ್ಯಾಹ್ನ

ಕೆಂಕೆರೆಯಲ್ಲಿ ತಂಗಿ ಮನೆಯಲ್ಲೂ ಹೀಗೇ ಶುರುವಾಗಿದ್ದು. ಮೊದಲು ಬೀರು ಅಡ್ಡ ಬಂತು, ಆಮೇಲೆ ಪರದೆ, ಆಮೇಲೆ ಗೋಡೆ. ಒಲೆ ಎರಡಾಯಿತು. ಈಗ ತಂಗಿ, ಅವಳ ಓರಗಿತ್ತಿ ಮುಖ ಕೊಟ್ಟು ಮಾತಾಡುವುದಿಲ್ಲ.

ಇಲ್ಲಿ ಗೋಡೆ ಎದ್ದರೆ ನಮ್ಮ ಪಾಲಿಗೆ ಕಾಯಿ ಒಣಗಿಸುವ ಕೊಬ್ಬರಿ ಅಟ್ಟ ಬರುತ್ತದೆ, ಅವರ ಪಾಲಿಗೆ ದೇವರ ಗೂಡು. ಮೂವತ್ತು ವರ್ಷ ದೀಪ ಹಚ್ಚಿದ ಗೂಡು. ಇನ್ನು ಮೇಲೆ ಅವಳ ಬಾಗಿಲು ತಟ್ಟಿ ಒಳಗೆ ಹೋಗಬೇಕೋ ಏನೋ… ಶಿವನೇ.

ಜನವರಿ 9, ಮಂಗಳವಾರ

ಸೋಫಾದ ಹಿಂದಿನ ಕಾಲಿನ ಪಕ್ಕ ಗುರುತಿಗೆ ವಿಭೂತಿಯಲ್ಲಿ ಒಂದು ಬೊಟ್ಟು ಇಟ್ಟೆ. ಯಾರಿಗೂ ಹೇಳಿಲ್ಲ. ದೇವರ ವಸ್ತುವನ್ನು ಇಂಥದ್ದಕ್ಕೆ ಬಳಸಬಾರದು, ಗೊತ್ತು. ಸುಣ್ಣದಲ್ಲಿ ಇಟ್ಟರೆ ಅನುಮಾನ ಬರುತ್ತದೆ. ವಿಭೂತಿ ಉದುರಿದರೆ ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಜನವರಿ 12, ಶುಕ್ರವಾರ

ಬೊಟ್ಟು ಅಳಿಸಿದೆ. ಸೋಫಾ ನಾಲ್ಕು ಬೆರಳು ಜರುಗಿದೆ. ಅಟ್ಟದ ಅಂಚಿಗೆ ನೆಟ್ಟಗೆ, ದಾರ ಹಿಡಿದ ಹಾಗೆ.

ಪುಷ್ಪಲತಾ ಬೆಳಿಗ್ಗೆಯಿಂದ ನನ್ನನ್ನೇ ಓರೆಗಣ್ಣಲ್ಲಿ ನೋಡುತ್ತಿದ್ದಾಳೆ. ಕಳ್ಳಿ.

ಊಟಕ್ಕೆ ಕೂತು ಯಜಮಾನರು, “ಅಟ್ಟದ ಕಾಯಿ ಈ ವಾರ ಇಳ್ಸಣ” ಎಂದರು. ಏಣಿ ಹತ್ತಿ ಒಂದು ಕಾಯಿ ತಂದು ಅವರ ಕಿವಿಯ ಹತ್ತಿರ ಅಲ್ಲಾಡಿಸಿದೆ. ಗುಳುಗುಳು ನೀರು.

“ಕೇಳ್ತಾ? ಶಿವರಾತ್ರಿ ಕಳೀದೆ ಇದು ಉಂಡೆ ಕಟ್ಟಲ್ಲ. ಈಗ ಒಡುದ್ರೆ ಕೊಬ್ರಿನೂ ಅಲ್ಲ, ಕಾಯೂ ಅಲ್ಲ.”

“ನಿಂಗೇನ್ ಗೊತ್ತು, ಸುಮ್ಕಿರು.”

ಹುಟ್ಟಿದಾಗಿನಿಂದ ಕೊಬ್ಬರಿ ಮಾಡಿದವರು. ಕುಲುಕುವ ಕಾಯಿ ಇಳಿಸುವ ಆತುರ ಯಾಕೆ?

ಜನವರಿ 16, ಮಂಗಳವಾರ

ಹಬ್ಬದ ಬಟ್ಟೆ ಒಗೆಯಲು ಹಾಕಿದೆ. ಮೊನ್ನೆ ಮತ್ತೆ ಬೊಟ್ಟು ಇಟ್ಟಿದ್ದೆ. ಅದೂ ಅಳಿಸಿತ್ತು. ಯಜಮಾನರ ಪಂಚೆಯ ಅಂಚಿನಲ್ಲಿ ವಿಭೂತಿ, ಹಿಂದೆ, ಹಿಮ್ಮಡಿಯ ಹತ್ತಿರ.

ಹಣೆಯದ್ದು ಅಲ್ಲಿಗೆ ಇಳಿಯುತ್ತದೆಯೇ?

ಎಲ್ಲೋ ತಾಗಿರಬೇಕು. ಒಗೆದುಬಿಟ್ಟೆ.

ಜನವರಿ 24, ಬುಧವಾರ

ಎಂಟು ದಿನ ಬರೆಯಲಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಎಂದು.

ಇವತ್ತು ತುರುವೇಕೆರೆಯಿಂದ ಪೀರ್ ಸಾಬ್ ಮೇಸ್ತ್ರಿ ಬಂದ. ಮನೆಯಲ್ಲಿ ನಾನೊಬ್ಬಳೇ. ನೀರು ಕೊಟ್ಟೆ. ಸೋಫಾದ ಹಿಂದೆ ಕುಕ್ಕರಗಾಲಲ್ಲಿ ಕೂತು ಟೇಪು ಎಳೆದ.

“ಏನ್ ಪೀರ್ ಸಾಬ್, ಟೈಲ್ಸಾ?”

“ಗೋಡೆ ಅಲ್ವೇನವ್ವ? ಸೋಫಾ ಬೆನ್ನಿನ ನೇರಕ್ಕೆ ಅಂದವ್ರೆ. ಕಾಯಿ ಇಳ್ಸಿದ್ ತಕ್ಷಣ ತೊಲೆ ಕೆಳಗೆ ಶುರು ಮಾಡು ಅಂದ್ರು.”

“ಯಾರಂದ್ರು? ತೋಂಟದಾರ್ಯನಾ?” ಮೈದುನನ ಹೆಸರೇ ಮೊದಲು ಬಾಯಿಗೆ ಬಂತು.

“ಇಲ್ಲವ್ವ, ನಿಮ್ ಯಜಮಾನ್ರು. ಅಟ್ಟ ನಿಮಗೆ, ದೇವ್ರ ಗೂಡು ಅವ್ರಿಗೆ ಅಂತ… ನಿಮಗ್ ಗೊತ್ತಿರ್ಲಿಲ್ವಾ?”

ಗೊತ್ತಿತ್ತು ಎಂದೆ. ಸುಳ್ಳು.

ಅಟ್ಟದ ಆಸೆಗೆ ನನ್ನ ದೇವರನ್ನು ಬಿಟ್ಟುಕೊಟ್ಟರು.

ಜನವರಿ 25, ಗುರುವಾರ. ಸಂಜೆ

ಅಡುಗೆಮನೆಯಲ್ಲಿ ಪುಷ್ಪಲತಾಳಿಗೆ ಎಲ್ಲ ಹೇಳಿಬಿಟ್ಟೆ, ವಿಭೂತಿಯದ್ದೂ.

“ಅಯ್ಯೋ ಅಕ್ಕ! ನೀವೇ ತಳ್ತಿದೀರ ಅಂದ್ಕಂಡು ನಾನು ಸೋಫಾ ಕಾಲಡಿಗೆ ಗುರ್ತಿಗೆ ಹೇರ್‌ಪಿನ್ ಇಟ್ಟಿದ್ದೆ ಕಣ್ರೀ!”

ನಕ್ಕೆವು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಅವಳ ಮುಖ ಸಣ್ಣದಾಯಿತು. “ನಮ್ಮನೇವ್ರಿಗೂ ಗೊತ್ತಿರ್ಬೋದಾ ಅಕ್ಕ?”

ಸೆರಗಲ್ಲಿ ಕೈ ಒರೆಸಿಕೊಂಡು ಅವಳನ್ನು ಹಾಲ್‌ಗೆ ಕರೆದುಕೊಂಡು ಬಂದೆ.

ಇಬ್ಬರೂ ಸೇರಿ ಸೋಫಾ ತಿರುಗಿಸಿದೆವು. ಅರ್ಧ ಅಟ್ಟದ ಕೆಳಗೆ, ಅರ್ಧ ದೇವರ ಗೂಡಿನ ಮುಂದೆ. ಗೋಡೆ ಬರುವ ಜಾಗಕ್ಕೆ ಅಡ್ಡಡ್ಡ.

“ಸ್ಟೈಲೇ ಇಲ್ಲ ಅಕ್ಕ.”

“ಆರಾಮೈತಲ್ಲ. ಕೂತ್ಕೊಳ್ಳೇ.”

ಕೂತೇ ಬರೆಯುತ್ತಿದ್ದೇನೆ. ಗೂಡಿನ ದೀಪ ಇಲ್ಲಿಂದ ಚೆನ್ನಾಗಿ ಕಾಣುತ್ತದೆ. ಈಗ ಯಜಮಾನರು ಏಣಿ ಹಿಡಿದು ಬಂದರು. ಹಿಂದೆ ಮೈದುನ, ಹೆಗಲ ಮೇಲೆ ಖಾಲಿ ಗೋಣಿಚೀಲ. ಪುಷ್ಪಲತಾ ಆ ಚೀಲವನ್ನೇ ನೋಡುತ್ತಿದ್ದಾಳೆ.

“ಏಳ್ರಿ, ಕಾಯಿ ಇಳ್ಸಬೇಕು. ಸೋಫಾ ಪಕ್ಕಕ್ಕೆ ಹಾಕ್ರಿ” ಎಂದರು ಯಜಮಾನರು.

“ಕಾಯಲ್ಲಿ ಇನ್ನೂ ನೀರೈತೆ” ಎಂದೆ.

ಏಣಿ ಬಾಗಿಲಲ್ಲೇ ನಿಂತಿದೆ. ಪುಷ್ಪಲತಾ ಕಾಲು ಮಡಿಸಿ ಮೇಲೆ ಹಾಕಿಕೊಂಡಳು. ನಾನೂ —