ಒದೆತ ಕಡಿಮೆಯ ಬಂದೂಕು

ಎಜ್‌ವೇರ್, ಲಂಡನ್
ಭಾನುವಾರ, ೨೩ ನವೆಂಬರ್ ೨೦೦೩

ಪ್ರೀತಿಯ ಉಷಕ್ಕನಿಗೆ,

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ. ನಮ್ಮ ಮನೆಗೆ ಬಂದೂಕು ಬಂದಿದೆ. ನಗಬೇಡ. ಮೊಟ್ಟೆ ಬೇಯಿಸಿದ ಪಾತ್ರೆಯನ್ನು ಹಿತ್ತಲಿಗೆ ಹಾಕುತ್ತಿದ್ದ ನಮ್ಮತ್ತೆಯ ಮಗ, ಸರ್ಜನ್ ಸತ್ಯಪ್ರಕಾಶ, ಐವತ್ತರಲ್ಲಿ ಜಿಂಕೆ ಬೇಟೆಗೆ ಹೊರಟಿದ್ದಾರೆ. ಮಾಂಸವೆಲ್ಲ ಆಸ್ಪತ್ರೆಯ ಸ್ನೇಹಿತ ರಾಮಪ್ರಸಾದರಿಗೆ, ಇವರಿಗೆ ಕಾಡಿನ ಗಾಳಿ ಸಾಕಂತೆ.

ಅದಕ್ಕೆ ನನ್ನ ತಕರಾರಿರಲಿಲ್ಲ. ಆದರೆ ಲೈಸೆನ್ಸಿನ ಅರ್ಜಿಯಲ್ಲಿ ಯಾವ ಅಳತೆಯ ಬಂದೂಕು ಎಂದು ಬರೆಯಬೇಕಿತ್ತು. ಹತ್ತು ವರ್ಷದಿಂದ ಬೇಟೆಯಾಡುವ ರಾಮಪ್ರಸಾದ್, ದೊಡ್ಡ ಜಿಂಕೆಗೆ ತ್ರೀ ಓ ಏಟ್ ಬೇಕೆಂದರು. ಇವರು ಟೂ ಫೋರ್ ತ್ರೀ ಎಂದು ಹಟ ಹಿಡಿದರು. ಅದರ ಗುಂಡು ಸಣ್ಣದು, ಹಾರಿಸಿದಾಗ ಭುಜಕ್ಕೆ ಒದೆತ ಕಡಿಮೆ. ‘ಅದು ಹೆಂಗಸರ ಭುಜಕ್ಕೆ ಕಣಯ್ಯಾ, ಯಾರಿಗೆ ಕೊಡಿಸ್ತಿದ್ದೀಯ?’ ಎಂದು ನಮ್ಮಲ್ಲಿ ಊಟಕ್ಕೆ ಕೂತಿದ್ದ ರಾಮಪ್ರಸಾದ್ ನಕ್ಕರು. ಇವರು ನಗಲಿಲ್ಲ. ನನ್ನ ಕಡೆ ತಿರುಗಿ ಸಾರು ಹಾಕು ಎಂದರು. ತಟ್ಟೆಯಲ್ಲಿ ಸಾರು ಇತ್ತು.

ಇವರ ಕೈಕೆಳಗೆ ಸುವರ್ಣಾ ಎಂಬ ಧಾರವಾಡದ ಹುಡುಗಿ ಕಲಿಯುತ್ತಿದ್ದಾಳೆ. ಮೊದಲೆಲ್ಲ ಇವರು ಯಾರಿಗೂ ಚಾಕು ಬಿಟ್ಟುಕೊಟ್ಟವರಲ್ಲ. ಈಗ ವಾರಕ್ಕೆರಡು ಸಲ, ‘ಆಪರೇಷನ್ ಸುವರ್ಣಾನೇ ಮಾಡಿದಳು, ನಾನು ನೋಡ್ತಾ ನಿಂತಿದ್ದೆ’ ಎನ್ನುತ್ತಾರೆ. ದೀಪಾವಳಿಗೆ ಅವಳು ಬಂದಾಗ ಹೋಳಿಗೆ ಬಡಿಸುವ ನೆಪದಲ್ಲಿ ಅವಳ ಭುಜ ನೋಡಿದೆ. ಸಣ್ಣ ಭುಜ. ನಲವತ್ತಾರರಲ್ಲಿ ಇಂಥ ಕೆಲಸಕ್ಕೆ ಇಳಿದೆನಲ್ಲ ಎಂದು ನಾಚಿಕೆಯಾಯಿತು. ಆದರೂ ನೋಡಿದೆ.

ಬಂದೂಕಿಡುವ ಕಬ್ಬಿಣದ ಬೀರು ಮೆಟ್ಟಿಲ ಕೆಳಗಿದೆ. ಅದರ ಕೀಲಿ ಎಲ್ಲಿದೆಯೆಂದು ಹೆಂಡತಿಗೂ ಗೊತ್ತಿರಬಾರದಂತೆ. ಮನೆ ನೋಡಲು ಬಂದ ಪೊಲೀಸಿನವನು ನನ್ನೆದುರೇ ಹೇಳಿಹೋದ. ಗಂಡ ಬಚ್ಚಿಡುವುದಕ್ಕೆ ಸರ್ಕಾರದ್ದೇ ಅಪ್ಪಣೆ.

ಇಪ್ಪತ್ತು ವರ್ಷದಲ್ಲಿ ಅವರು ನನಗೆ ಸುಳ್ಳು ಹೇಳಿಲ್ಲ. ಅಥವಾ ಸುಳ್ಳು ಹೇಳಬೇಕಾದಂಥದ್ದನ್ನು ನಾನು ಕೇಳಿಯೇ ಇಲ್ಲವೇನೋ. ಇವತ್ತು ಕೇಳುತ್ತೇನೆ. ಅವಳ ಹೆಸರು ಹೇಳಿದರೆ ಮುಂದಿನ ತಿಂಗಳೇ ಮೈಸೂರಿಗೆ ಬಂದುಬಿಡುತ್ತೇನೆ. ನಿನ್ನ ಮಹಡಿ ಕೋಣೆ ಖಾಲಿ ಇಟ್ಟಿರು. ಅಮ್ಮನಿಗೆ ಏನೂ ಹೇಳಬೇಡ.

ನಿನ್ನ ತಂಗಿ,
ನೀರಜಾ

ಮತ್ತೆ: ಲಕೋಟೆ ಅಂಟಿಸುವ ಮೊದಲು, ಕೇಳಿಯೇಬಿಡೋಣವೆಂದು ಮೇಲೆ ಹೋದೆ. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಖಾಲಿ ಬಂದೂಕು ಹಿಡಿದು ಕನ್ನಡಿಯ ಮುಂದೆ ನಿಂತಿದ್ದರು. ಬಲಗೈ ನಡುಗುತ್ತಿತ್ತು. ಮೂರು ಸಲ ಎತ್ತಿದರು, ಭುಜದವರೆಗೆ ಏರಲಿಲ್ಲ. ಕೊನೆಗೆ ಎಡಗೈಗೆ ಬದಲಿಸಿಕೊಂಡು ಎಡಭುಜಕ್ಕೆ ಇಟ್ಟುಕೊಂಡರು. ಆಸ್ಪತ್ರೆಯವರ ಕಣ್ಣಿಗೆ ಬೀಳದ ಕಡೆ ತಮ್ಮ ಕೈಯನ್ನು ಪರೀಕ್ಷಿಸಿಕೊಳ್ಳಲು ಅವರಿಗೆ ಆ ಕಾಡು ಬೇಕಾಗಿತ್ತೇನೋ. ಕಾಫಿ ಲೋಟ ಎಡಗೈಗೆ ಹೋಗಿ ಎಷ್ಟು ದಿನವಾಯಿತೋ ನನಗೆ ಗೊತ್ತಿಲ್ಲ. ನಾನು ಸುವರ್ಣಾಳ ಭುಜ ನೋಡುತ್ತಿದ್ದೆ. ಅವಳೇ ಕಾರಣವಾಗಿದ್ದರೆ ಚೆನ್ನಾಗಿತ್ತು, ಅಕ್ಕಾ.

ಸದ್ದಿಲ್ಲದೆ ಇಳಿದು ಬಂದು ಇದನ್ನು ಬರೆಯುತ್ತಿದ್ದೇನೆ. ಕೋಣೆ ಖಾಲಿ ಇಡಬೇಡ. ನಾಳೆ ಬೆಳಿಗ್ಗೆ ಅವರಿಗೆ ಮೂರು ಆಪರೇಷನ್ ಇವೆ, ಸುವರ್ಣಾ ರಜೆಯಲ್ಲಿದ್ದಾಳೆ. ಮತ್ತೆ ಮೇಲೆ ಹೋಗುತ್ತೇನೆ. ಈಗ ಕೇಳಬೇಕಾದದ್ದು ಬೇರೆ.